ಗಾಢನಿದ್ರಾ ಕ್ರೀಡಾಂಗಣ

ಒಂದು ಪರದೆ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಿರಲಿಲ್ಲ. ಕೆಂಪು ಮಖಮಲ್ಲಿನ ಪರದೆ, ಅಂಚಿಗೆ ಹಳದಿ ಜಾಲರಿ, ದಾರ ಎಳೆದರೆ ಮೆತ್ತಗೆ ಜಾರುವಂಥದ್ದು. ಶಿವಮೊಗ್ಗದ ಶಾಮಿಯಾನದವನು ಎದೆ ಮುಟ್ಟಿಕೊಂಡು ಒಪ್ಪಿದ್ದ. ಭಾನುವಾರ ಬೆಳಿಗ್ಗೆ ನಿರಂಜನ ಫೋನ್ ಮಾಡಿದರೆ, ಅದು ರವೀಂದ್ರನಗರದಲ್ಲಿ ಯಾರದೋ ಆರತಕ್ಷತೆಗೆ ಹೋಗಿದೆ, ರಾತ್ರಿ ಬಿಚ್ಚಿದ ತಕ್ಷಣ ನಿಮಗೇ ಕಳಿಸೋದು ಸಾರ್ ಅಂದ. ಇಲ್ಲಿ ಮೈದಾನಕ್ಕೆ ಹೆಸರಿಡುವ ಕಾರ್ಯಕ್ರಮ ಇದ್ದದ್ದು ಅವತ್ತೇ ಸಂಜೆ ನಾಲ್ಕಕ್ಕೆ.

ಪರದೆ ಯಾಕೆ ಬೇಕಿತ್ತು ಅಂದರೆ ಮೈದಾನದ ಹೆಸರಿನ ಕತೆ ಹೇಳಬೇಕಾಗುತ್ತದೆ. ಭದ್ರಾವತಿಯ ಕಾಗದನಗರದ ಅಂಚಿಗೆ ಒಂದು ಮೈದಾನ ಇದೆ. ಜನ ಅದನ್ನು ನೀಲಗಿರಿ ಗ್ರೌಂಡ್ ಅನ್ನುತ್ತಾರೆ. ಹೋಗಿ ನೋಡಿದರೆ ನೀಲಗಿರಿ ಮರ ಔಷಧಿಗೂ ಇಲ್ಲ. ಇದ್ದ ಮರಗಳನ್ನೆಲ್ಲ ಯಾವುದೋ ಕಾಲದಲ್ಲಿ ಕಡಿದು ಕಾಗದ ಮಾಡಿ, ಆ ಕಾಗದದ ಮೇಲೆ ಊರ ಹುಡುಗರು ಪರೀಕ್ಷೆ ಬರೆದು, ಫೇಲಾಗಿ, ವಾಪಸ್ ಬಂದು ಅದೇ ಮೈದಾನದಲ್ಲಿ ಕ್ರಿಕೆಟ್ ಆಡಿದ್ದೂ ಆಯಿತು. ಹೆಸರು ಮಾತ್ರ ಹೋಗಲಿಲ್ಲ. ನಮ್ಮ ಕಡೆ ಹಾಗೇ. ಸರ್ಕಾರ ಒಂದು ಹೆಸರಿಡುತ್ತದೆ, ಕಲ್ಲಿನ ಮೇಲೆ ಇನ್ನೊಂದು ಕೆತ್ತುತ್ತಾರೆ, ಆಟೋದವರು ಮೂರನೆಯದನ್ನು ಹೇಳುತ್ತಾರೆ. ಕಡೆಗೆ ಉಳಿಯುವುದು ಆಟೋದವರು ಹೇಳಿದ್ದು.

ಈ ಮೈದಾನಕ್ಕೆ ಕೂರಲು ಗ್ಯಾಲರಿ, ಅದರ ಮೇಲೆ ಶೀಟು, ನಾಲ್ಕು ಮೂಲೆಗೆ ಲೈಟು, ಮುಂದೆ ಒಂದು ಕಮಾನು, ಇಷ್ಟನ್ನೂ ಮಾಡಿಸಿಕೊಟ್ಟದ್ದು ಮಾಚೇನಹಳ್ಳಿಯ ಗಾಢನಿದ್ರಾ ಹಾಸಿಗೆ ಕಂಪನಿ. ಅದರ ಮಾಲೀಕ ಪರಶುರಾಮ್ ಒಮ್ಮೆ ಪರದೇಶಕ್ಕೆ ಹೋಗಿ ಬಂದಿದ್ದರು. ಅಲ್ಲಿ ಬ್ಯಾಂಕಿನ ಹೆಸರಿನ ಸ್ಟೇಡಿಯಂ, ವಿಮಾನದ ಹೆಸರಿನ ಸ್ಟೇಡಿಯಂ, ಕೊನೆಗೆ ಬಿಸ್ಕತ್ತಿನ ಹೆಸರಿನದ್ದನ್ನೂ ನೋಡಿದ್ದರು. ಬಿಸ್ಕತ್ತಿಗಿಲ್ಲದ ಮುಜುಗರ ಹಾಸಿಗೆಗೆ ಯಾಕೆ ಅನ್ನುವುದು ಅವರ ವಾದ. ಮೈದಾನ ಸಮಿತಿಯವರು ತಲೆಯ ಮೇಲೆ ಶೀಟು ಬಂದರೆ ಸಾಕು ಅಂತ ಸಹಿ ಹಾಕಿದರು. ಹತ್ತು ವರ್ಷದ ಮಟ್ಟಿಗೆ ಅದು ಗಾಢನಿದ್ರಾ ಕ್ರೀಡಾಂಗಣ ಅಂತ ತೀರ್ಮಾನವಾಯಿತು. ಆಡುವ ಜಾಗಕ್ಕೆ ಮಲಗುವ ಹೆಸರು ಹೇಗೆ ಹೊಂದುತ್ತದೆ ಅಂತ ಕೇಳುವ ಧೈರ್ಯ ಕಂಪನಿಯಲ್ಲಿ ಯಾರಿಗೂ ಇರಲಿಲ್ಲ.

ನಿರಂಜನ ಆ ಕಂಪನಿಯ ಸೇಲ್ಸ್ ಆಫೀಸರ್. ಮನೆ ಕಾಗದನಗರದಲ್ಲೇ, ಮೈದಾನದಿಂದ ಎರಡು ಬೀದಿ ಆಚೆ. ಹಾಗಾಗಿ ನಾಮಕರಣದ ಹೊಣೆ ಅವನ ಕೊರಳಿಗೆ ಬಿತ್ತು. ಜೊತೆಗೆ ಇನ್ನೊಂದೂ ಬಿತ್ತು. ಕಂಪನಿ ಕಲಬುರಗಿಯಲ್ಲಿ ಶಾಖೆ ತೆರೆಯುತ್ತಿತ್ತು. ಅಲ್ಲಿಗೆ ಹೋಗಬೇಕಾದವನು ನಿರಂಜನ, ಇಲ್ಲ ಅವನ ಪಕ್ಕದ ಮೇಜಿನ ದುಶ್ಯಂತ್. ಪರಶುರಾಮ್ ಸೋಮವಾರವೇ ಕರೆದು ಹೇಳಿದ್ದರು, "ನೋಡಪ್ಪ, ಹೆಸರು ಸುಸೂತ್ರವಾಗಿ ಆದ್ರೆ ದುಶ್ಯಂತ್‌ನ ಕಳಿಸ್ತೀನಿ. ಒಂಚೂರು ಎಡವಟ್ಟಾದ್ರೂ ನೀನೇ ಗಂಟುಮೂಟೆ ಕಟ್ಟು."

ಕಲಬುರಗಿ ಒಳ್ಳೆಯ ಊರೇ. ಆದರೆ ಅಲ್ಲಿ ಶ್ರೀಗೌರಿ ಇರುವುದಿಲ್ಲವಲ್ಲ. ನಿರಂಜನನಿಗೆ ಮದುವೆಯಾದದ್ದು ನಲವತ್ತು ದಾಟಿದ ಮೇಲೆ. ಜಾತಕ ಕೂಡಿದರೆ ಹುಡುಗಿ ಒಪ್ಪುತ್ತಿರಲಿಲ್ಲ, ಹುಡುಗಿ ಒಪ್ಪಿದರೆ ಅವರಪ್ಪನಿಗೆ ಹಾಸಿಗೆ ಕಂಪನಿ ಕೇಳಿ ನಗು ಬರುತ್ತಿತ್ತು. ಕೊನೆಗೆ ಭದ್ರಾವತಿ ಹೈಸ್ಕೂಲಿನಲ್ಲಿ ಟೀಚರಾಗಿದ್ದ ಶ್ರೀಗೌರಿ, ತಾನೂ ಕಾದು ಕಾದು ಸುಸ್ತಾದವಳು, ನಕ್ಕೇ ಒಪ್ಪಿದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಕೆಲಸ ಕಾಯಂ ಆದದ್ದು ಹೋದ ತಿಂಗಳು; ಬಿಟ್ಟು ಬರುವ ಮಾತೇ ಇಲ್ಲ. ಸಂಜೆ ಇಬ್ಬರೂ ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದರು, ಅವಳು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾ ತಮಾಷೆಯದ್ದನ್ನು ಓದಿ ಹೇಳುತ್ತಿದ್ದಳು, ಇವನು ಟೀ ಆರುವಷ್ಟು ನಗುತ್ತಿದ್ದ. ಆ ಮೆಟ್ಟಿಲು ಬಿಟ್ಟು ಹೋಗುವುದು ನೆನೆಸಿಕೊಂಡರೆ ಅವನಿಗೆ ನಿಜವಾಗಿಯೂ ಅಳು ಬರುತ್ತಿತ್ತು.

ಅವತ್ತು ಬೆಳಿಗ್ಗೆ ಅವನು ಪರದೆ ಪರದೆ ಅಂತ ಮನೆಯೊಳಗೆ ಸುತ್ತುತ್ತಿದ್ದುದನ್ನು ನೋಡಿ ಶ್ರೀಗೌರಿ ತಿಂಡಿ ತಟ್ಟೆ ಕೈಗೆ ಕೊಟ್ಟಳು. "ನೀವು ಯಾರ ಹತ್ರನೂ ವಾದಕ್ಕೆ ಇಳೀಬೇಡಿ. ಇವತ್ತೊಂದಿನ ಯಾರೇನಂದ್ರೂ ಹೂಂ ಅಂದ್ಬಿಡಿ. ಸಂಜೆ ತನಕ ತಾನೆ?"

"ಹೂಂ," ಅಂದ ನಿರಂಜನ.

ಮೈದಾನದ ಹತ್ತಿರ ಹೋದರೆ ಅಷ್ಟು ಹೊತ್ತಿಗೇ ಕಮಾನಿನ ಮುಂದೆ ಜನ. ಹೆಸರಿನ ಬೋರ್ಡನ್ನು ಹಿಂದಿನ ದಿನವೇ ಕೂರಿಸಿದ್ದರು. ಬಿಳಿ ಅಕ್ಷರ, ನೀಲಿ ಹಲಗೆ, ಮೂಲೆಗೊಬ್ಬ ದಿಂಬು ತಬ್ಬಿಕೊಂಡು ಮಲಗಿದ ಮನುಷ್ಯ. ಎದುರಿನ ಟೀ ಅಂಗಡಿಯಲ್ಲಿ ಆಗಲೇ ಚರ್ಚೆ ಕಾವೇರಿತ್ತು. ನಮ್ಮ ಟೀಮಿನವರು ಮೊದಲೇ ನಿದ್ದೆ ಮಾಡುತ್ತಾ ಫೀಲ್ಡಿಂಗ್ ಮಾಡೋದು, ಈಗ ಬೋರ್ಡೂ ಹಾಕಿಸಿ ಕಾಯಂ ಮಾಡಿದರು ಅಂತ ಒಬ್ಬ. ಇಲ್ಲಿ ಸೋತರೆ ಯಾರನ್ನೂ ಬೈಯುವ ಹಾಗಿಲ್ಲ, ಎಬ್ಬಿಸಿದ ಹಾಗಾಗುತ್ತದೆ ಅಂತ ಇನ್ನೊಬ್ಬ. ಅಂಗಡಿಯವನು ಟೀ ಸೋಸುತ್ತಾ, ಏನೇ ಬರೀರಿ ಅಣ್ಣಾ, ನನ್ನ ಗಿರಾಕಿಗೆ ಇದು ನೀಲಗಿರಿ ಗ್ರೌಂಡೇ ಅಂದ.

ನಿರಂಜನನನ್ನು ಕಂಡಿದ್ದೇ ಒಬ್ಬೊಬ್ಬರಾಗಿ ಮುತ್ತಿದರು. ಒಬ್ಬರು ತಮ್ಮ ಸಂಘದ ಹಿರಿಯರ ಹೆಸರು ಕೆಳಗಾದರೂ ಬರಲಿ ಅಂದರು. ಹೂಂ ಅಂದ. ಇನ್ನೊಬ್ಬರು, ಈ ಮೈದಾನ ಮಟ್ಟ ಮಾಡುವಾಗ ತಮ್ಮ ತಂದೆ ಎತ್ತಿನಗಾಡಿ ಕೊಟ್ಟಿದ್ದರು, ಅವರ ಹೆಸರು ಬಿಟ್ಟರೆ ಪಾಪ ಬರುತ್ತದೆ ಅಂದರು. ಅದಕ್ಕೂ ಹೂಂ. ಮೂರನೆಯವರು ಹೆಸರು ನದಿಯದ್ದೇ ಇರಲಿ, ನದಿಗೆ ಜಾತಿ ಇಲ್ಲ ಅಂದರು. ಆಗಬಹುದು ಅಂದ. ಎಲ್ಲರೂ ಸಮಾಧಾನವಾಗಿ, ಸಂಜೆ ಬರ್ತೀವಿ, ನಮ್ಮ ಹೆಸರು ಎಲ್ಲಿ ಬಂದಿದೆ ನೋಡ್ತೀವಿ ಅಂತ ಹೊರಟರು. ಶ್ರೀಗೌರಿಯ ಉಪಾಯ ಇಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ಕಂಡು ಅವನಿಗೇ ಸ್ವಲ್ಪ ಹೆದರಿಕೆಯಾಯಿತು.

ಅಷ್ಟರಲ್ಲಿ ಸಮಿತಿಯ ಅಧ್ಯಕ್ಷರಾದ ಯಜ್ಞನಾರಾಯಣರು ಕೊಡೆ ಊರಿಕೊಂಡು ಬಂದರು. ಸಂಸ್ಕೃತದ ಮೇಷ್ಟ್ರಾಗಿ ನಿವೃತ್ತರಾದವರು, ಊರಿನ ಮುಹೂರ್ತಗಳೆಲ್ಲ ಅವರವೇ. ಬೋರ್ಡು ಬಟಾಬಯಲಾಗಿ ನಿಂತದ್ದು ನೋಡಿ ಅವರ ಮುಖ ಗಂಟಾಯಿತು. ಅನಾವರಣ ಅಂತ ಆಮಂತ್ರಣದಲ್ಲಿ ಹಾಕಿಸಿ ಆವರಣವೇ ಇಲ್ಲದಿದ್ದರೆ ಏನರ್ಥ, ಮುಹೂರ್ತಕ್ಕೆ ಮುಂಚೆ ಊರಿಗೆಲ್ಲ ತೋರಿಸುವುದಾದರೆ ಮುಖ್ಯ ಅತಿಥಿ ಬಂದು ಎಳೆಯುವುದು ಏನನ್ನು ಅಂತ ಕೇಳಿದರು. ನಿರಂಜನ ಶಾಮಿಯಾನದವನ ಕತೆ ಹೇಳಿದ. ಅವರು ಕೇಳಿಸಿಕೊಳ್ಳಲಿಲ್ಲ. ಇನ್ನರ್ಧ ಗಂಟೆಯಲ್ಲಿ ಏನಾದರೂ ಹೊದಿಸು ಮಾರಾಯ, ಸೀರೆಯಾದರೂ ಸರಿ ಅಂದರು. ಮನೆಯಲ್ಲಿ ಸೀರೆ ಕೇಳುವ ಧೈರ್ಯ ನಿರಂಜನನಿಗೆ ಇರಲಿಲ್ಲ. ಶ್ರೀಗೌರಿಯ ಎರಡು ಒಳ್ಳೆಯ ಸೀರೆಗಳಲ್ಲಿ ಒಂದನ್ನು ಅವಳು ಸಂಜೆ ಉಡುವವಳಿದ್ದಳು.

ಇದನ್ನೆಲ್ಲ ಕಾಂಪೌಂಡಿನ ಆಚೆಯಿಂದ ಕೇಳಿಸಿಕೊಳ್ಳುತ್ತಿದ್ದವರು ಹೂವಮ್ಮ. ಕಮಾನಿಗೆ ತಾಗಿದ ಹಾಗೇ ಅವರ ಮನೆ. ಗಂಡ ಸುಬ್ಬಪ್ಪ ತೀರಿಕೊಂಡು ವರ್ಷದ ಮೇಲಾಗಿತ್ತು.

ಸುಬ್ಬಪ್ಪನ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಆ ಮೈದಾನದ ಇತಿಹಾಸದಲ್ಲಿ ಅಷ್ಟು ಚೆಂಡು ಹಿಡಿದವರು ಬೇರೆ ಯಾರೂ ಇಲ್ಲ. ಹಿಡಿದದ್ದನ್ನು ವಾಪಸ್ ಕೊಟ್ಟದ್ದೂ ಇಲ್ಲ. ಕಾಂಪೌಂಡ್ ದಾಟಿ ಅಂಗಳಕ್ಕೆ ಬಿದ್ದ ಚೆಂಡನ್ನು, ಟೆನಿಸ್ ಚೆಂಡಾಗಲಿ ವಾಲಿಬಾಲಾಗಲಿ, ಸುಬ್ಬಪ್ಪ ಮಾತಿಲ್ಲದೆ ಒಳಗೆ ಒಯ್ದು, ಮೆಟ್ಟುಗತ್ತಿಯ ಮುಂದೆ ಕೂತು, ಹಲಸಿನಕಾಯಿ ಸೀಳಿದ ಹಾಗೆ ಎರಡು ಹೋಳು ಮಾಡುತ್ತಿದ್ದರು. ಹೋಳುಗಳಲ್ಲಿ ಹೂವಮ್ಮ ಮಣ್ಣು ತುಂಬಿ ಗಿಡ ಹಾಕುತ್ತಿದ್ದರು. ಕಾಂಪೌಂಡಿನ ಮೇಲೆ ಇವತ್ತಿಗೂ ಸಾಲು ಸಾಲು ಹೋಳುಗಳಿವೆ; ವಾಲಿಬಾಲಿನಲ್ಲಿ ದೊಡ್ಡಪತ್ರೆ, ಫುಟ್‌ಬಾಲಿನಲ್ಲಿ ಕೊತ್ತಂಬರಿ, ಟೆನಿಸ್ ಚೆಂಡಿನಲ್ಲಿ ಹಾಗಲದ ಸಸಿ. ಕಾಗದನಗರದ ಎರಡು ತಲೆಮಾರು ಆ ಕಾಂಪೌಂಡಿನ ಈಚೆ ನಿಂತು ಸುಬ್ಬಪ್ಪನಿಗೆ ಶಾಪ ಹಾಕಿದೆ.

ಹೂವಮ್ಮ ಮಾತ್ರ ಒಳ್ಳೆಯ ಹೆಂಗಸು. ನಿರಂಜನನ ಫಜೀತಿ ನೋಡಲಾರದೆ, ತಮ್ಮ ಹತ್ತಿರ ಒಂದು ದೊಡ್ಡ ಫ್ಲೆಕ್ಸ್ ಇದೆ, ಸೌದೆಗೆ ಹೊದಿಸಿದ್ದೇನೆ, ಒರೆಸಿ ಕಟ್ಟಿಕೋ ಅಂದರು. ಅದು ಸುಬ್ಬಪ್ಪನ ವರ್ಷದ ತಿಥಿಗೆ ಸರ್ಕಲ್ಲಿನಲ್ಲಿ ನಿಲ್ಲಿಸಿದ್ದ ಫ್ಲೆಕ್ಸ್. ಮೇಲೆ 'ದಿವಂಗತ ಸುಬ್ಬಪ್ಪನವರ ಸವಿನೆನಪಿಗಾಗಿ' ಅಂತ ಹೂಬಳ್ಳಿ ಸುತ್ತಿದ ಅಕ್ಷರ, ಕೆಳಗೆ ಆಳೆತ್ತರದ ಸುಬ್ಬಪ್ಪ, ಚೆಂಡು ಬಿದ್ದ ಸದ್ದು ಕೇಳಿದವರ ಹಾಗೆ ದುರುಗುಟ್ಟಿ ನೋಡುತ್ತಿದ್ದರು.

"ಯಜಮಾನ್ರು ಹೋದ ಮೇಲೂ ಸೌದೆ ನೆನೆಯೋಕೆ ಬಿಟ್ಟಿಲ್ಲ ನೋಡು," ಅಂದರು ಹೂವಮ್ಮ, ಫ್ಲೆಕ್ಸನ್ನು ಸೆರಗಿನಿಂದ ಒರೆಸುತ್ತಾ. "ಮುಖ ಒಳಗೆ ಮಾಡಿ ಕಟ್ಟಪ್ಪ. ಅವರಿಗೆ ಆಟ ಕಂಡ್ರೆ ಆಗ್ತಿರ್ಲಿಲ್ಲ."

ಫ್ಲೆಕ್ಸ್ ಉದ್ದ ಜಾಸ್ತಿ, ಅಗಲ ಕಡಿಮೆ. ನಿರಂಜನ ಅದನ್ನು ಪಂಚೆ ಮಡಿಸಿದ ಹಾಗೆ ಮಧ್ಯಕ್ಕೆ ಮಡಿಸಿದ. ಸುಬ್ಬಪ್ಪ ಮಡಿಕೆಯ ಒಳಗೆ ಹೋದರು, ಹೊರಗೆ ಬರೀ ಬಿಳಿ ಬೆನ್ನು. ಏಣಿ ಹತ್ತಿ ಮೇಲಿನ ಎರಡು ಅಂಚನ್ನೂ ಒಂದೇ ದಾರಕ್ಕೆ ಜಾರುಗಂಟು ಹಾಕಿ ಕಟ್ಟಿದ. ದಾರ ಎಳೆದರೆ ಎರಡೂ ಅಂಚು ಬಿಟ್ಟುಕೊಂಡು ಇಡೀ ಫ್ಲೆಕ್ಸ್ ಕೆಳಗೆ ಬೀಳಬೇಕು. ಅಗಲ ಸಾಲದೆ ಬೋರ್ಡಿನಲ್ಲಿ 'ಗಾಢನಿದ್ರಾ' ಅನ್ನುವುದಷ್ಟೇ ಮುಚ್ಚಿತು, 'ಕ್ರೀಡಾಂಗಣ' ಅನ್ನುವುದು ಪಕ್ಕದಲ್ಲಿ ಹಾಗೇ ಕಾಣುತ್ತಿತ್ತು. ಯಜ್ಞನಾರಾಯಣರು ಕೆಳಗೆ ನಿಂತು ನೋಡಿ, ಪರವಾಗಿಲ್ಲ, ಇದು ಕ್ರೀಡಾಂಗಣ ಅನ್ನೋದು ಗುಟ್ಟೇನಲ್ಲ ಅಂದರು. ನಿರಂಜನ ಎರಡು ಸಲ ಎಳೆದು ಪರೀಕ್ಷೆ ಮಾಡಿದ. ಎರಡು ಸಲವೂ ಫ್ಲೆಕ್ಸ್ ಸೊಗಸಾಗಿ ಬಿತ್ತು. ಮೂರನೇ ಸಲ ಕಟ್ಟಿ, ಮೈ ಕೈ ಕೊಡವಿಕೊಂಡು, ಮುಖ್ಯ ಅತಿಥಿಯನ್ನು ಕರೆತರಲು ರೈಲ್ವೆ ಸ್ಟೇಷನ್ನಿಗೆ ಹೋದ.

ರೈಲು ತಡ. ಅವನು ಸ್ಟೇಷನ್ನಿನಲ್ಲಿ ಕೂತಿದ್ದಾಗ ಇಲ್ಲಿ ಗಾಳಿ ಎದ್ದಿತು. ಫ್ಲೆಕ್ಸ್ ಪಟಪಟ ಬಡಿಯತೊಡಗಿತು. ಯಜ್ಞನಾರಾಯಣರಿಗೆ ಜೀವ ಕೈಯಲ್ಲಿ. ಆ ಹೊತ್ತಿಗೆ ದುಶ್ಯಂತ್ ಒಂದು ಹಾಸಿಗೆಯನ್ನು ಆಟೋದ ಮೇಲೆ ಹೇರಿಕೊಂಡು ಬಂದಿಳಿದ. ಅದು ಮುಖ್ಯ ಅತಿಥಿಗೆ ಕಂಪನಿಯ ಕಾಣಿಕೆ. ಪರಶುರಾಮ್ ಗೋಡೌನಿನಲ್ಲಿ ಬಿಕರಿಯಾಗದೆ ಉಳಿದಿದ್ದ ಸಿಂಗಲ್ ಸೈಜೊಂದನ್ನು ಆರಿಸಿ ರಿಬ್ಬನ್ ಕಟ್ಟಿಸಿದ್ದರು. ದುಶ್ಯಂತನಿಗೂ ಕಲಬುರಗಿಯ ಭಯ ಇತ್ತು. ನಿರಂಜನನ ಕೆಲಸ ಕೆಡಿಸಿದ ಅಂತ ಹೆಸರು ಬರಬಾರದು, ಅವನ ಕೆಲಸಕ್ಕೆ ನೆರವಾದ ಅಂತಲೂ ಬರಬಾರದು ಅನ್ನುವ ಸಂಕಟ. ಅಧ್ಯಕ್ಷರು ಏಣಿ ತೋರಿಸಿ, ಹಿಂದಿನ ಅಂಚನ್ನು ಕಮಾನಿನ ಕಂಬಿಗೆ ಸೇರಿಸಿ ಭದ್ರ ಮಾಡಪ್ಪ ಅಂದರು. ಅವನು ಯಾವ ಗಂಟು ಅಂದ. ಬ್ರಹ್ಮಗಂಟು ಅಂದರು ಅವರು. ಹಾಕುವ ಬಗೆಯನ್ನು ಕೆಳಗಿನಿಂದಲೇ ಕೊಡೆಯ ತುದಿಯಲ್ಲಿ ತೋರಿಸಿಕೊಟ್ಟರು.

ನಿರಂಜನ ವಾಪಸಾದಾಗ ಯಜ್ಞನಾರಾಯಣರು ಬಹಳ ಸಂತೋಷದಲ್ಲಿದ್ದರು. ಗಾಳಿಗೆ ಇನ್ನು ಹೆದರಬೇಕಿಲ್ಲ, ಎಲ್ಲ ಗಟ್ಟಿ ಮಾಡಿಸಿದ್ದೇನೆ ಅಂದರು. ಒಂದು ಕೈಯಲ್ಲಿ ಹಾರ, ಇನ್ನೊಂದರಲ್ಲಿ ಅತಿಥಿಯ ಬ್ಯಾಗು ಹಿಡಿದಿದ್ದ ನಿರಂಜನ ಹೂಂ ಅಂದ.

ಮುಖ್ಯ ಅತಿಥಿ ಮೈತ್ರಿ ವಾಲಿಬಾಲಿನಲ್ಲಿ ರಾಜ್ಯಕ್ಕೆ ಆಡಿದವಳು. ಬೆಳೆದದ್ದು ಇಲ್ಲೇ ಕಾಗದನಗರದ ಕ್ವಾರ್ಟರ್ಸಿನಲ್ಲಿ, ಈಗ ಮೈಸೂರಿನಲ್ಲಿ ಮಕ್ಕಳಿಗೆ ತರಬೇತಿ ಕೊಡುತ್ತಾಳೆ. ಪರಶುರಾಮ್ ಬಿಳಿ ಸಫಾರಿ ತೊಟ್ಟು ಬಂದಿದ್ದರು. ಗ್ಯಾಲರಿ ತುಂಬಿತ್ತು. ಬೆಳಿಗ್ಗೆ ಹೂಂ ಅನ್ನಿಸಿಕೊಂಡಿದ್ದವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಶ್ರೀಗೌರಿ ಒಳ್ಳೆಯ ಸೀರೆ ಉಟ್ಟು ಹೂವಮ್ಮನ ಪಕ್ಕ ನಿಂತು, ದೂರದಿಂದಲೇ ಗಂಡನಿಗೆ ಧೈರ್ಯದ ತಲೆ ಆಡಿಸಿದಳು. ಇನ್ನೇನು ಒಂದು ದಾರ ಎಳೆದರೆ ಮುಗಿಯಿತು, ಮೆಟ್ಟಿಲು ಉಳಿಯಿತು ಅಂದುಕೊಂಡ ನಿರಂಜನ.

ಯಜ್ಞನಾರಾಯಣರು ಗಡಿಯಾರ ನೋಡಿ ಕೈ ಎತ್ತಿದರು. ನಾದಸ್ವರ ಶುರುವಾಯಿತು. ಮೈತ್ರಿ ದಾರ ಎಳೆದಳು.

ಮುಂದಿನ ಅಂಚು ಬಿಟ್ಟುಕೊಂಡಿತು. ಹಿಂದಿನ ಅಂಚು ಬ್ರಹ್ಮಗಂಟಿನಲ್ಲಿತ್ತು. ಮಡಿಸಿದ್ದ ಫ್ಲೆಕ್ಸ್ ಕೆಳಗೆ ಬೀಳುವ ಬದಲು ಸರ್ರನೆ ಬಿಚ್ಚಿಕೊಂಡು ಕಮಾನಿನ ಅರ್ಧದವರೆಗೂ ಇಳಿಯಿತು. ಅದರಲ್ಲಿ ಸುಬ್ಬಪ್ಪ ನೆಟ್ಟಗೆ ನಿಂತು ಇಡೀ ಮೈದಾನವನ್ನು ದುರುಗುಟ್ಟಿ ನೋಡಿದರು. ಬೋರ್ಡಿನ ಉಳಿದ ಭಾಗ ಸೇರಿಸಿ ಓದಿದರೆ, ದಿವಂಗತ ಸುಬ್ಬಪ್ಪನವರ ಸವಿನೆನಪಿಗಾಗಿ ಕ್ರೀಡಾಂಗಣ ಅಂತ ಯಾರಿಗೆ ಬೇಕಾದರೂ ಅರ್ಥವಾಗುತ್ತಿತ್ತು. ನಾದಸ್ವರದವನು ಚಿತ್ರ ನೋಡದೆ ಇನ್ನೂ ಜೋರಾಗಿ ಊದಿದ.

ಗ್ಯಾಲರಿಯಲ್ಲಿ ಕೂತಿದ್ದ ಅರ್ಧ ಜನ ಸುಬ್ಬಪ್ಪನಿಗೆ ಚೆಂಡು ಕಳೆದುಕೊಂಡವರು. ಪರಶುರಾಮರ ಮುಖ ಅವರ ಸಫಾರಿಯಷ್ಟೇ ಬಿಳಿಯಾಯಿತು. ನಿರಂಜನನಿಗೆ ಕಣ್ಣೆದುರು ಕಲಬುರಗಿಯ ಬಸ್ಸು ಕಂಡಿತು. ಏಣಿಯ ಕಡೆ ಓಡಿದ. ಆಗಲೇ ಹೂವಮ್ಮ ಅಳಲು ಶುರುಮಾಡಿದರು. ಸಣ್ಣಗೆ ಅಲ್ಲ, ಎದೆ ಬಿರಿಯುವ ಹಾಗೆ. ಅವರು ಹೋದಾಗ ನಾಲ್ಕು ಜನ ಮಾತಾಡಿಸೋಕೂ ಬರಲಿಲ್ಲ, ನಾನು ಪರದೆಗೆ ಅಂತ ಕೊಟ್ಟರೆ ನೀವು ಹೆಸರೇ ಇಟ್ಟುಬಿಟ್ರಲ್ಲ, ಊರಿಗೆ ಅವರ ನೆನಪಿತ್ತಲ್ಲ ಅಂತ ಶ್ರೀಗೌರಿಯ ಭುಜ ಹಿಡಿದು ಅತ್ತರು. ಆ ಅಳುವಿನ ಮುಂದೆ ಫ್ಲೆಕ್ಸ್ ಬಿಚ್ಚುವ ಗಂಡಸು ಭದ್ರಾವತಿಯಲ್ಲಿ ಯಾರಿದ್ದಾನೆ? ಏಳಹೊರಟಿದ್ದ ಎತ್ತಿನಗಾಡಿಯವರ ಮಗ ಮತ್ತೆ ಕೂತರು. ನದಿಯವರೂ ಕೂತರು.

ಮೈತ್ರಿ ಮೈಕಿನ ಮುಂದೆ ಬಂದು ಸ್ವಲ್ಪ ಹೊತ್ತು ಸುಬ್ಬಪ್ಪನನ್ನೇ ನೋಡಿದಳು. ಅವಳಿಗೆ ನಗು ಬಂತು.

"ನನ್ನ ಎರಡು ಚೆಂಡು ಇವರ ಕಾಂಪೌಂಡ್ ಮೇಲಿದೆ," ಅಂದಳು. "ಎರಡನೇದು ಹೋದ ಮೇಲೆ ನಮ್ಮಪ್ಪ ಇನ್ನು ಕೊಡಿಸಲ್ಲ ಅಂದ್ಬಿಟ್ರು. ಎರವಲು ಚೆಂಡಲ್ಲಿ ಆಡಬೇಕು, ಅದು ಆ ಕಡೆ ಹೋಗೋ ಹಾಗಿಲ್ಲ. ಎಷ್ಟೇ ಜೋರಾಗಿ ಹೊಡೆದ್ರೂ ಗೆರೆ ಒಳಗೇ ಬೀಳಬೇಕು. ಆ ಭಯಕ್ಕೇ ನಾನು ಸರ್ವ್ ಕಲಿತೆ. ರಾಜ್ಯ ತಂಡಕ್ಕೆ ಆರಿಸಿದೋರು ನಿನ್ನ ಕೋಚ್ ಯಾರಮ್ಮ ಅಂದಾಗ ನಾನು ಯಾರದೋ ಹೆಸರು ಹೇಳಿದ್ದೆ. ಹೇಳಬೇಕಾಗಿದ್ದು ಇವರದ್ದು."

ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಗ್ಯಾಲರಿಯೇ ತಟ್ಟಿತು. ಸ್ಟ್ರೈಟ್ ಡ್ರೈವ್ ಕಲಿತದ್ದು ಅವರ ದೆಸೆಯಿಂದಲೇ ಕಣಯ್ಯ ಅಂತ ಬೊಜ್ಜು ಬಂದ ಒಬ್ಬ ಹಳೆಯ ಬ್ಯಾಟ್ಸ್‌ಮನ್ ಕಣ್ಣೊರೆಸಿಕೊಂಡ. ಮೈತ್ರಿ ಮಾತು ಮುಂದುವರಿಸಿದಳು. ದುಡ್ಡು ಕೊಟ್ಟವರೆಲ್ಲ ತಮ್ಮ ಹೆಸರು ಬರೆಸಿಕೊಳ್ಳುವ ಕಾಲದಲ್ಲಿ, ಖರ್ಚೆಲ್ಲ ತಾನು ಮಾಡಿ, ಹೆಸರು ಮಾತ್ರ ಪಕ್ಕದ ಮನೆಯ ಒಬ್ಬ ಸಾಮಾನ್ಯ ಮನುಷ್ಯನಿಗೆ ಬಿಟ್ಟುಕೊಟ್ಟ ಕಂಪನಿಯನ್ನು ತಾನು ಎಲ್ಲೂ ಕಂಡಿಲ್ಲ ಅಂತ ಪರಶುರಾಮರ ಕಡೆ ತಿರುಗಿ ಕೈಮುಗಿದಳು. ಜನ ಎದ್ದು ನಿಂತರು. ಹತ್ತಾರು ಫೋನುಗಳು ಮೇಲೆದ್ದವು. ಪರಶುರಾಮ್ ಕ್ಷಣಕಾಲ ಸುತ್ತ ನೋಡಿದರು, ಆಮೇಲೆ ನಿಧಾನವಾಗಿ, ಇದೆಲ್ಲ ಮೊದಲೇ ಯೋಚಿಸಿದ್ದವರ ಹಾಗೆ ಎದೆಯ ಮೇಲೆ ಕೈ ಇಟ್ಟುಕೊಂಡು ತಲೆ ಬಾಗಿಸಿದರು. ವ್ಯಾಪಾರಸ್ಥನಿಗೆ ಗಾಳಿ ಯಾವ ಕಡೆ ಬೀಸಿದರೂ ತೂರಿಕೊಳ್ಳಲು ಬರುತ್ತದೆ.

ಸಭೆ ಮುಗಿದ ಮೇಲೆ ಗ್ಯಾಲರಿಯ ಹಿಂದೆ ನಿರಂಜನನಿಗೆ ಕರೆ ಬಂತು. ಅವನು ಹೋಗುವಾಗ ಶ್ರೀಗೌರಿಯ ಕಡೆ ನೋಡಲಿಲ್ಲ. ಪರಶುರಾಮ್ ಫೋನ್ ಕೆಳಗಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ವೀಡಿಯೊ ಆಗಲೇ ಜಿಲ್ಲೆ ದಾಟಿ ಓಡಾಡುತ್ತಿದೆ, ಸಾಗರದಿಂದ, ತರೀಕೆರೆಯಿಂದ ಅಂಗಡಿಯವರು ಫೋನ್ ಮಾಡಿ ಹಾಸಿಗೆ ಕೇಳುತ್ತಿದ್ದಾರೆ, ಹೆಸರು ಹಾಕಿಸಿದ್ದರೂ ಇಷ್ಟು ಹೆಸರು ಬರುತ್ತಿರಲಿಲ್ಲ ಅಂದರು. ಆಮೇಲೆ ದನಿ ತಗ್ಗಿಸಿದರು.

"ನಿಜ ಹೇಳು. ಇದು ಕೈತಪ್ಪಿ ಆಗಿದ್ದೋ, ನಿನ್ನ ತಲೆಯಿಂದಲೇ ಬಂದಿದ್ದೋ?"

ಕೈತಪ್ಪಿ ಆಗಿದ್ದು ಅಂದರೆ ಎಡವಟ್ಟಾಯಿತು. ಎಡವಟ್ಟಾದರೆ ಕಲಬುರಗಿ. ಬೆಳಿಗ್ಗೆಯಿಂದ ನಿರಂಜನನನ್ನು ಕೈಹಿಡಿದು ನಡೆಸಿಕೊಂಡು ಬಂದ ಮಾತು ತಾನಾಗಿ ಬಾಯಿಗೆ ಬಂತು.

"ಹೂಂ ಸಾರ್. ನನ್ನದೇ."

ಪರಶುರಾಮ್ ಅವನ ಬೆನ್ನು ತಟ್ಟಿದರು. ಇಂಥ ತಲೆಯನ್ನು ಮಾಚೇನಹಳ್ಳಿಯಲ್ಲಿ ಕೊಳೆಹಾಕಿದರೆ ದೇವರು ಮೆಚ್ಚುವುದಿಲ್ಲ ಅಂದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ಕಂಪನಿ ಹೊಸದಾಗಿ ಕಾಲಿಡುವ ಪ್ರತಿ ಊರಿನಲ್ಲೂ ಒಂದು ಮೈದಾನ, ಒಂದು ಗ್ಯಾಲರಿ, ಪಕ್ಕದ ಮನೆಯಲ್ಲಿ ಒಬ್ಬ ಸುಬ್ಬಪ್ಪ. ಹುಡುಕಿ ತೆಗೆಯುವುದು ನಿರಂಜನನಿಂದ ಮಾತ್ರ ಸಾಧ್ಯ. ಮ್ಯಾನೇಜರ್ ಹುದ್ದೆ, ಮುಂದಿನ ಸೋಮವಾರದಿಂದಲೇ. ದುಶ್ಯಂತನಿಗೆ ಇಷ್ಟು ಕಲ್ಪನೆ ಎಲ್ಲಿಂದ ಬರಬೇಕು, ಅವನು ಇಲ್ಲೇ ಬಿದ್ದಿರಲಿ. ಎಷ್ಟು ವರ್ಷ ಅಂತ ನಿರಂಜನ ಕೇಳಲಿಲ್ಲ. ಊರುಗಳನ್ನು ಲೆಕ್ಕ ಹಾಕಿದರೆ ಅವನು ಇಲ್ಲಿಗೆ ಮರಳುವ ಹೊತ್ತಿಗೆ ಶ್ರೀಗೌರಿಗೆ ನಿವೃತ್ತಿಯ ವಯಸ್ಸು.

ಹೊರಗೆ ಬಂದರೆ ಮೈದಾನದಲ್ಲಿ ಸ್ನೇಹಪಂದ್ಯ ಶುರುವಾಗಿತ್ತು. ದುಶ್ಯಂತ್ ಕಂಪನಿಯ ತಂಡಕ್ಕೆ ಇಳಿದು, ಹಗುರಾದ ಮನಸ್ಸಿನಿಂದ ಒಂದು ಸಿಕ್ಸರ್ ಬಾರಿಸಿದ. ಚೆಂಡು ಕಮಾನಿನ ಮೇಲೆ ಹಾದು, ಸುಬ್ಬಪ್ಪನ ತಲೆಯ ಮೇಲಿಂದ ಹೂವಮ್ಮನ ಅಂಗಳಕ್ಕೆ ಬಿತ್ತು. ಆಟ ನಿಂತಿತು. ಎಲ್ಲರೂ ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದರು. ಹೂವಮ್ಮ ಕಣ್ಣೊರೆಸಿಕೊಂಡು ಚೆಂಡು ಎತ್ತಿಕೊಂಡರು, ಮೈದಾನವನ್ನೊಮ್ಮೆ ನೋಡಿದರು, ಕಮಾನನ್ನೊಮ್ಮೆ ನೋಡಿದರು. ಒಳಗೆ ಹೋದರು. ಮೆಟ್ಟುಗತ್ತಿಯ ಸದ್ದು ಗ್ಯಾಲರಿಯವರೆಗೂ ಕೇಳಿಸಿತು. ಕಾಂಪೌಂಡಿನ ಮೇಲೆ ಎರಡು ಹೋಳು ಇಡುತ್ತಾ, "ಇಷ್ಟು ಮಾಡಿದೀರ, ಅವರ ಹೆಸರು ಉಳಿಸ್ಬೇಕಲ್ಲ," ಅಂದರು.

ಟೀ ಅಂಗಡಿಯ ಮುಂದೆ ಒಂದು ಆಟೋ ಬಂದು ನಿಂತಿತು. ಮೈತ್ರಿಯನ್ನು ಸ್ಟೇಷನ್ನಿಗೆ ಬಿಡಲು ಕರೆಸಿದ್ದು. ಡ್ರೈವರ್ ತಲೆ ಹೊರಗೆ ಹಾಕಿ, ಸುಬ್ಬಪ್ಪನ್ ಗ್ರೌಂಡ್ ಇದೇನಾ ಅಂತ ಕೇಳಿದ. ಅಂಗಡಿಯವನು ಹೌದು ಅಂದ. ಹೆಸರಿನ ಮಟ್ಟಿಗೆ ಅಲ್ಲಿಗೆ ಎಲ್ಲ ಇತ್ಯರ್ಥವಾಯಿತು.

ಮೈತ್ರಿ ಹಾಸಿಗೆಯನ್ನು ರೈಲಿನಲ್ಲಿ ಒಯ್ಯಲಾರೆ ಅಂತ ಕೈಮುಗಿದು ಬಿಟ್ಟು ಹೋದಳು. ಪರಶುರಾಮ್ ಒಂದು ಕ್ಷಣ ಯೋಚಿಸಿ, ವಸ್ತು ಪೋಲಾಗಬಾರದು, ಹೊಸ ಊರಿನಲ್ಲಿ ಹೊಸ ಮ್ಯಾನೇಜರಿಗೆ ಬೇಕಾಗುತ್ತದೆ ಅಂತ ಅದನ್ನು ನಿರಂಜನನಿಗೇ ಕೊಡಿಸಿದರು. ರಿಬ್ಬನ್ನೂ ಬಿಚ್ಚಲಿಲ್ಲ.

ಯಜ್ಞನಾರಾಯಣರು ದಾರಿಯಲ್ಲಿ ಸಿಕ್ಕಿ, ನೋಡಿದೆಯಾ ಮಾರಾಯ, ಬ್ರಹ್ಮಗಂಟು ಅಂದರೆ ಅದು ಬಿಡಿಸಿಕೊಳ್ಳುವಂಥದ್ದಲ್ಲ ಅಂತ ಹೆಮ್ಮೆಯಿಂದ ಹೇಳಿದರು. ಏನಾಯಿತು ಅನ್ನುವುದು ನಿರಂಜನನಿಗೆ ಆಗ ತಿಳಿಯಿತು. ಹಾಸಿಗೆ ತಲೆಯ ಮೇಲಿದ್ದುದರಿಂದ ಅವನಿಗೆ ತಿರುಗಿ ನೋಡಲಾಗಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ.

ಶ್ರೀಗೌರಿ ಮೆಟ್ಟಿಲ ಮೇಲೆ ಕಾಯುತ್ತಿದ್ದಳು, ಪಕ್ಕದಲ್ಲಿ ಎರಡು ಲೋಟ ಟೀ. ಅವನು ಎಲ್ಲವನ್ನೂ ಹೇಳಿದ. ಬೆನ್ನು ತಟ್ಟಿದ್ದು, ಪ್ರಮೋಷನ್ನು, ನಾಲ್ಕು ಊರಿನ ಹೆಸರು. ಕೊನೆಗೆ, ನಿನ್ನದೇ ಉಪಾಯ, ಹೂಂ ಅಂದೆ ಅಂದ. ಅವಳು ಎದ್ದು, ಗೋಡೆಗೆ ಒರಗಿಸಿದ್ದ ಹಾಸಿಗೆಯ ರಿಬ್ಬನ್ ಸರಿಸಿ, ಅದರ ಅಗಲವನ್ನು ಒಂದು ಕೈಯಲ್ಲಿ ಅಳೆದು ನೋಡಿದಳು.

"ಸಿಂಗಲ್ಲಾ?" ಅಂದಳು.

"ಹೂಂ," ಅಂದ ನಿರಂಜನ.